ವೇಷ ತೊಟ್ಟ ಅಕ್ಷರಗಳು ಮತ್ತು ಬರಹದ ಅಮಾನತ್

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ನಮಾಝಿನ ಕುರಿತಾದುದಲ್ಲ, ಉಪವಾಸದ ಕುರಿತಾದುದೂ ಅಲ್ಲ. ಅದು ಸಾಲಪತ್ರ ಬರೆಯುವ ಕುರಿತಾದುದು. ಅಲ್‌ಬಕರ ಅಧ್ಯಾಯದ 282ನೇ ಸೂಕ್ತದಲ್ಲಿ ಅಲ್ಲಾಹನು ವ್ಯವಹಾರವನ್ನು ಬರೆದಿಡುವಂತೆ ಆದೇಶಿಸುತ್ತಾನೆ, ಬರೆಯುವವನು ನ್ಯಾಯದಿಂದ ಬರೆಯಬೇಕೆನ್ನುತ್ತಾನೆ, ಸಾಕ್ಷಿಗಳನ್ನು ನಿಲ್ಲಿಸಬೇಕೆನ್ನುತ್ತಾನೆ, ಮೊತ್ತವು ಸಣ್ಣದೆಂದು ಬರೆಯಲು ಬೇಸರಿಸಬಾರದೆನ್ನುತ್ತಾನೆ. ಲಿಪಿಕಾರನ ಹೊಣೆಯನ್ನು ಇಷ್ಟು ವಿವರವಾಗಿ ಹೇಳಿದ ಧರ್ಮಗ್ರಂಥವನ್ನು ಹೃದಯದಲ್ಲಿಟ್ಟುಕೊಂಡಿರುವ ಸಮುದಾಯಕ್ಕೆ ಅಕ್ಷರವು ಒಂದು ಅಮಾನತ್. ಆ ಅಮಾನತ್ತಿಗೆ ನಮ್ಮ ಕಾಲದಲ್ಲಿ ಒದಗಿರುವ ಹೊಸ ಬಗೆಯ ಖಿಯಾನತ್ತೊಂದರ ಬಗ್ಗೆ ಇಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಅದರ ಜೊತೆಗೇ, ನೋಡಲು ಖಿಯಾನತ್ತಿನಂತೆಯೇ ಕಂಡರೂ ಖಿಯಾನತ್ತಲ್ಲದ ಇನ್ನೊಂದರ ಬಗ್ಗೆಯೂ ಹೇಳಬೇಕಾಗಿದೆ.

ಕಾಗದದ ಮೇಲಿನ ಅಕ್ಷರಕ್ಕೆ ಒಂದೇ ಮುಖ. ಕಂಡದ್ದೇ ಅಕ್ಷರ. ಆದರೆ ಮೊಬೈಲಿನ ಪರದೆಯ ಮೇಲಿನ ಅಕ್ಷರಕ್ಕೆ ಎರಡು ಮುಖಗಳಿವೆ: ಕಣ್ಣಿಗೆ ಕಾಣುವ ರೂಪ ಒಂದು, ಯಂತ್ರವು ತನ್ನೊಳಗೆ ಇಟ್ಟುಕೊಂಡಿರುವ ಸಂಖ್ಯೆ ಇನ್ನೊಂದು. ಜಗತ್ತಿನ ಲಿಪಿಗಳೆಲ್ಲವನ್ನೂ ಒಂದೇ ಪಟ್ಟಿಗೆ ತಂದು ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿರುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಅರಬಿಗೂ ಸ್ಥಾನ ದೊರಕಿತ್ತು. ಈಗ ಅದರಲ್ಲಿ ಸುಮಾರು ಒಂದೂವರೆ ಲಕ್ಷ ಅಕ್ಷರ ಮತ್ತು ಚಿಹ್ನೆಗಳಿವೆ. ಇದು ನಿಜಕ್ಕೂ ಮನುಕುಲಕ್ಕೆ ಒದಗಿದ ದೊಡ್ಡ ಅನುಗ್ರಹ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಕಂಡವರಿಗೆ ಇದರ ಬೆಲೆ ತಿಳಿದಿರುತ್ತದೆ. ಅವುಗಳಲ್ಲಿ ಒಳಗಿರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ, ಹೊರಗೆ ಫಾಂಟ್ ತೊಡಿಸುತ್ತಿದ್ದುದು ಕನ್ನಡದ ರೂಪ. ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಖುತ್ಬಾದ ಟಿಪ್ಪಣಿಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತಿತ್ತು.

ಒಂದೂವರೆ ಲಕ್ಷ ಚಿಹ್ನೆಗಳಿರುವಲ್ಲಿ ಒಂದನ್ನೊಂದು ಹೋಲುವವು ಇದ್ದೇ ಇರುತ್ತವೆ. ಕನ್ನಡದ 'ರ' ಮತ್ತು ತೆಲುಗಿನ 'ರ' ಅಕ್ಷರಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಭೇದ ಕಾಣುವುದು ಕಷ್ಟ. ಆದರೆ ಯಂತ್ರಕ್ಕೆ ಒಂದು 3248, ಇನ್ನೊಂದು 3120. ನಮ್ಮ ಅನುಸ್ವಾರದ ಸೊನ್ನೆ 3202, ಅಂಕಿಯ ಸೊನ್ನೆ 3302. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆಯನ್ನು ಒತ್ತಿ 'ಕ೦ಪು' ಎಂದು ಬರೆದವರ ಪದ ಓದುಗನಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕುವವನಿಗೆ ಮಾತ್ರ ಎಂದಿಗೂ ಸಿಗುವುದಿಲ್ಲ. ಇಂಗ್ಲಿಷಿನ 'ಎ' ಅಕ್ಷರದ ಸಣ್ಣ ರೂಪ ಮತ್ತು ರಷ್ಯನ್ ಭಾಷೆಯ ಸಿರಿಲಿಕ್ ಲಿಪಿಯಲ್ಲಿರುವ 'ಅ' ಅಕ್ಷರವಂತೂ ತದ್ರೂಪಿಗಳು. ಅವುಗಳ ಸಂಖ್ಯೆ 97 ಮತ್ತು 1072. ಇವು ಯಾವುವೂ ದೋಷಗಳಲ್ಲ. ಬೇರೆ ಬೇರೆ ಜನಾಂಗಗಳು ಒಂದೇ ರೂಪವನ್ನು ತಮ್ಮ ತಮ್ಮ ಭಾಷೆಗೆ ಬಳಸಿಕೊಂಡಿವೆ, ಅಷ್ಟೆ.

ವಂಚಕನು ಹೊಕ್ಕಿರುವುದು ಈ ಸಂದಿನಲ್ಲಿ. 2017ರಲ್ಲಿ ಸಂಶೋಧಕರೊಬ್ಬರು ಆಪಲ್ ಕಂಪೆನಿಯ ಜಾಲತಾಣದ ಹೆಸರನ್ನು ಪೂರ್ತಿಯಾಗಿ ಸಿರಿಲಿಕ್ ಅಕ್ಷರಗಳಿಂದ ಬರೆದು ನೋಂದಾಯಿಸಿ ತೋರಿಸಿದರು. ಕ್ರೋಮ್‌ನಂತಹ ಪ್ರಸಿದ್ಧ ಬ್ರೌಸರಿನಲ್ಲೂ ಅದು ಅಸಲಿ ವಿಳಾಸದಂತೆಯೇ ಕಾಣುತ್ತಿತ್ತು. ಅವರ ಉದ್ದೇಶ ಎಚ್ಚರಿಸುವುದಾಗಿತ್ತು, ಕ್ರೋಮ್ ಅದನ್ನು ಬೇಗನೆ ಸರಿಪಡಿಸಿತು. ಆದರೆ ಅದೇ ಉಪಾಯವನ್ನು ಎಚ್ಚರಿಸಲಿಕ್ಕಲ್ಲದೆ ದೋಚಲಿಕ್ಕೆ ಬಳಸುವವರ ಕೈಯಲ್ಲಿ ಅದು ಬ್ಯಾಂಕಿನ ಹೆಸರಾಗುತ್ತದೆ, ವಿದ್ಯಾರ್ಥಿವೇತನದ ಹೆಸರಾಗುತ್ತದೆ, ಉಮ್ರಾ ಪ್ರಯಾಣದ ರಿಯಾಯಿತಿಯ ಹೆಸರಾಗುತ್ತದೆ.

ಇನ್ನೊಂದು ಉಪಾಯವು ನಮಗೆ ಹೆಚ್ಚು ನೋವು ಕೊಡುವಂಥದ್ದು, ಏಕೆಂದರೆ ಅದರ ಸಾಧನವು ಅರಬಿ ಲಿಪಿಗಾಗಿ ನಿರ್ಮಾಣವಾದುದು. ಬಲದಿಂದ ಎಡಕ್ಕೆ ಬರೆಯುವ ಅರಬಿ, ಉರ್ದು, ಹೀಬ್ರೂ ಬರಹಗಳು ಇಂಗ್ಲಿಷಿನೊಡನೆ ಒಂದೇ ಸಾಲಿನಲ್ಲಿ ಬಂದಾಗ ಅಕ್ಷರಗಳು ಗೊಂದಲಗೊಳ್ಳದಿರಲೆಂದು ಯೂನಿಕೋಡಿನಲ್ಲಿ ಕೆಲವು ಅದೃಶ್ಯ ಸಂಜ್ಞೆಗಳಿವೆ. ಅವುಗಳಲ್ಲೊಂದು, ತನ್ನ ಮುಂದಿನ ಅಕ್ಷರಗಳನ್ನೆಲ್ಲ ಬಲದಿಂದ ಎಡಕ್ಕೆ ತಿರುಗಿಸಿ ತೋರಿಸುತ್ತದೆ. ವಂಚಕರು ಇದನ್ನು ಕಡತದ ಹೆಸರಿನ ನಡುವೆ ಸಿಕ್ಕಿಸಿದರು. ಆಗ 'ಜೆಎಸ್' ಎಂದು ಕೊನೆಗೊಳ್ಳುವ, ಅಂದರೆ ಯಂತ್ರದಲ್ಲಿ ಓಡಿ ಹಾನಿಮಾಡಬಲ್ಲ ಕಡತವೊಂದು, ಹಿಂದುಮುಂದಾಗಿ ಕಂಡು 'ಪಿಎನ್‌ಜಿ' ಎಂದು ಕೊನೆಗೊಳ್ಳುವ ಮುಗ್ಧ ಚಿತ್ರದಂತೆ ತೋರಿತು. ಟೆಲಿಗ್ರಾಂನ ಗಣಕಯಂತ್ರ ಆವೃತ್ತಿಯಲ್ಲಿ ಈ ರೀತಿಯ ದಾಳಿ ನಡೆದಿತ್ತೆಂಬುದನ್ನು ಕ್ಯಾಸ್ಪರ್‌ಸ್ಕೀ ಸಂಸ್ಥೆ 2018ರಲ್ಲಿ ಬಹಿರಂಗಪಡಿಸಿತು. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೊಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ ಇಂತಹ ಸಂಜ್ಞೆಗಳಿಂದ ತಂತ್ರಾಂಶದ ಮೂಲ ಬರಹವನ್ನೇ ಪರಿಶೀಲಕನಿಗೆ ಒಂದಾಗಿಯೂ ಯಂತ್ರಕ್ಕೆ ಇನ್ನೊಂದಾಗಿಯೂ ತೋರಿಸಬಹುದೆಂದು ನಿರೂಪಿಸಿದರು. ಕುರ್‌ಆನಿನ ಲಿಪಿ ಪರದೆಯ ಮೇಲೆ ನೆಟ್ಟಗೆ ಕಾಣಲೆಂದು ಇಟ್ಟ ದೀಪದಿಂದ ಮನೆಗೆ ಕನ್ನ ಹಾಕಿದಂತಾಯಿತು.

ಇದರ ಧಾರ್ಮಿಕ ವಿಧಿಯೇನು ಎಂದು ಕೇಳುವವರಿಗೆ ಹೊಸ ಫತ್ವಾದ ಅಗತ್ಯವಿಲ್ಲ. ಮದೀನದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಪ್ರವಾದಿ ಮುಹಮ್ಮದ್(ಸ)ರು ನಿಂತು ಅದರೊಳಗೆ ಕೈಯಿಟ್ಟ ಘಟನೆ ಸಹೀಹ್ ಮುಸ್ಲಿಮಿನಲ್ಲಿದೆ. ಬೆರಳುಗಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಕಾರಣ ಹೇಳಿದ. ಹಾಗಿದ್ದರೆ ಜನರು ನೋಡುವಂತೆ ಒದ್ದೆ ಧಾನ್ಯವನ್ನು ಮೇಲೆ ಏಕೆ ಇಡಲಿಲ್ಲವೆಂದು ಪ್ರವಾದಿ(ಸ)ರು ಪ್ರಶ್ನಿಸಿದರು, ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಸಾರಿದರು. ಗಮನಿಸಿ: ಧಾನ್ಯ ಒದ್ದೆಯಾದುದು ಅಪರಾಧವಾಗಿರಲಿಲ್ಲ. ಮೇಲಿನದು ಒಂದು, ಒಳಗಿನದು ಇನ್ನೊಂದು ಎಂಬಂತೆ ಇಟ್ಟದ್ದೇ ಅಪರಾಧವಾಗಿತ್ತು. ಮೇಲೆ 97, ಒಳಗೆ 1072 ಇಟ್ಟು ಹಣ ಕೀಳುವವನ ರಾಶಿಯೊಳಗೆ ಕೈಯಿಟ್ಟರೂ ತಗಲುವುದು ಅದೇ ತೇವ.

ಇಲ್ಲಿ ನಮ್ಮ ಪೂರ್ವಿಕರ ವಿದ್ಯೆಯೊಂದನ್ನು ಸ್ವಲ್ಪ ವಿಸ್ತಾರವಾಗಿ ನೆನೆಯಬೇಕು. ಅಕ್ಷರರೂಪಗಳ ಹೋಲಿಕೆಯಿಂದ ಹುಟ್ಟುವ ಅಪಾಯವನ್ನು ಮುಸ್ಲಿಮ್ ವಿದ್ವಾಂಸರು ಗಣಕಯಂತ್ರದ ಕಾಲಕ್ಕೆ ಸಾವಿರ ವರ್ಷಗಳ ಹಿಂದೆಯೇ ಎದುರಿಸಿದ್ದರು. ಆರಂಭಕಾಲದ ಮುಸ್‌ಹಫ್‌ಗಳನ್ನು ಬರೆದ ಅರಬಿ ಲಿಪಿಯಲ್ಲಿ ಚುಕ್ಕೆಗಳು ಇರಲಿಲ್ಲವೆಂದೇ ಹೇಳಬೇಕು. ಪದದ ನಡುವೆ ಬಂದಾಗ ಬಾ, ತಾ, ಸಾ, ನೂನ್, ಯಾ ಎಂಬ ಐದು ಅಕ್ಷರಗಳಿಗೂ ಒಂದೇ ಹಲ್ಲಿನ ಆಕಾರ. ಜೀಮ್, ಹಾ, ಖಾ ಎಂಬ ಮೂರಕ್ಕೂ ಒಂದೇ ಕೊಕ್ಕೆ. ಕುರ್‌ಆನ್ ಜನರ ಎದೆಗಳಲ್ಲಿ ಸುರಕ್ಷಿತವಾಗಿದ್ದುದರಿಂದ ಅರಬರಿಗೆ ಅದು ಸಾಕಾಗುತ್ತಿತ್ತು. ಇಸ್ಲಾಮ್ ಅರಬೇತರರನ್ನು ತಲಪಿದಾಗ ಸಾಕಾಗದೆ ಹೋಯಿತು. ಅಬುಲ್ ಅಸ್ವದ್ ಅದ್ದುಅಲೀಯವರು ಸ್ವರಗಳನ್ನು ಸೂಚಿಸಲು ಬಣ್ಣದ ಚುಕ್ಕೆಗಳನ್ನಿಟ್ಟರು. ಇರಾಕಿನ ರಾಜ್ಯಪಾಲ ಹಜ್ಜಾಜ್ ಬಿನ್ ಯೂಸುಫನ ಕಾಲದಲ್ಲಿ ನಸ್ರ್ ಬಿನ್ ಆಸಿಮ್ ಮತ್ತು ಯಹ್ಯಾ ಬಿನ್ ಯಅ್‌ಮರ್ ಅಕ್ಷರಗಳನ್ನೇ ಬೇರ್ಪಡಿಸುವ ಚುಕ್ಕೆಗಳನ್ನು ಕ್ರಮಬದ್ಧಗೊಳಿಸಿದರೆಂದು ಪರಂಪರೆ ಹೇಳುತ್ತದೆ. (ಹಜ್ಜಾಜನಂತಹ ಕ್ರೂರಿಯ ಆಡಳಿತದಲ್ಲಿ ಇಂತಹ ಸೇವೆ ನಡೆದುದು ಅಲ್ಲಾಹನ ಯೋಜನೆಯ ವೈಚಿತ್ರ್ಯ.) ಬಳಿಕ ಖಲೀಲ್ ಬಿನ್ ಅಹ್ಮದ್ ಅವರು ಇಂದು ಮಕ್ಕಳು ಮದ್ರಸದಲ್ಲಿ ಕಲಿಯುವ ಫತಹ್, ಕಸ್ರ್, ಝಮ್ಮ್ ಚಿಹ್ನೆಗಳಿಗೆ ರೂಪ ಕೊಟ್ಟರು.

ಚುಕ್ಕೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಹದೀಸ್ ವಿದ್ವಾಂಸರು ಒಂದು ಉದಾಹರಣೆಯನ್ನು ಮತ್ತೆ ಮತ್ತೆ ಕೊಡುತ್ತಾರೆ. ರಮಝಾನಿನ ಬಳಿಕ ಶವ್ವಾಲಿನ ಆರು ಉಪವಾಸಗಳ ಹದೀಸ್ ನಮ್ಮ ಮನೆಗಳಲ್ಲೆಲ್ಲ ಪರಿಚಿತ. ಆರು ಎಂಬುದಕ್ಕೆ ಅಲ್ಲಿರುವ ಪದ 'ಸಿತ್ತನ್'. ಹಿಜ್ರಿ ನಾಲ್ಕನೆಯ ಶತಮಾನದ ಸಾಹಿತಿ ಅಬೂಬಕರ್ ಅಸ್ಸೂಲಿ ಅದನ್ನು 'ಶೈಅನ್' ಎಂದು ಓದಿಬಿಟ್ಟರು. ಚುಕ್ಕೆ ತೆಗೆದರೆ ಎರಡೂ ಪದಗಳ ಅಸ್ಥಿಪಂಜರ ಒಂದೇ. ಆರು ಉಪವಾಸಗಳು ಹೋಗಿ 'ಏನೋ ಒಂದಿಷ್ಟು' ಎಂದಾಯಿತು! ಇಂತಹ ತಪ್ಪಿಗೆ ತಸ್‌ಹೀಫ್ ಎಂದು ಹೆಸರಿಟ್ಟು, ಅದರ ಮೇಲೆಯೇ ಸ್ವತಂತ್ರ ಗ್ರಂಥಗಳನ್ನು ರಚಿಸಿದರು. ಗುರುವಿನ ಬಾಯಿಂದ ಕೇಳದೆ ಬರಿಯ ಹಾಳೆಯಿಂದ ಕಲಿತವನ ವಿದ್ಯೆಯನ್ನು ನಂಬಬಾರದೆಂಬ ಮದ್ರಸಗಳ ಪಟ್ಟು ಹುಟ್ಟಿದುದೂ ಈ ಅನುಭವದಿಂದಲೇ. ತಸ್‌ಹೀಫ್ ಪ್ರಮಾದ. ಆದರೆ ತಿಳಿದೇ ಮರೆಮಾಚುವವನನ್ನು ಅವರು ಬೇರೆ ಪಂಕ್ತಿಯಲ್ಲಿ ನಿಲ್ಲಿಸಿದರು. ದುರ್ಬಲ ವರದಿಗಾರನ ಹೆಸರನ್ನು ಜಾಣ್ಮೆಯಿಂದ ನುಂಗಿ, ಸನದ್ ಬಲವಾಗಿರುವಂತೆ ತೋರಿಸುವುದಕ್ಕೆ ತದ್‌ಲೀಸ್ ಎಂದರು. ಇಮಾಮ್ ಶುಅ್‌ಬ ಅವರಂಥವರು ಅದನ್ನು ಸುಳ್ಳಿನ ಒಡಹುಟ್ಟಿನಂತೆಯೇ ಕಂಡರು. ಹೇಳಿದ ಒಂದೊಂದು ಪದವೂ ಸತ್ಯವಾಗಿದ್ದು, ಒಟ್ಟು ಕಾಣುವ ಚಿತ್ರ ಮಾತ್ರ ಸುಳ್ಳಾಗಿರುವುದು ತದ್‌ಲೀಸಿನ ಲಕ್ಷಣ. ಸಿರಿಲಿಕ್ ಅಕ್ಷರದ ಬ್ಯಾಂಕಿಗೆ ಇದಕ್ಕಿಂತ ಒಳ್ಳೆಯ ಹೆಸರು ನಮಗೆ ತೋಚದು.

ಹಾಗಾದರೆ ಅಕ್ಷರಕ್ಕೆ ವೇಷ ತೊಡಿಸುವುದೆಲ್ಲ ಹರಾಮ್ ಎಂದು ಹೇಳಿ ಮುಗಿಸಬಹುದೇ? ಮುಗಿಸಲಾಗದು. 2021ರ ಮೇ ತಿಂಗಳಲ್ಲಿ ಜೆರುಸಲೇಮಿನ ಶೈಖ್ ಜರ್ರಾಹ್ ಬಡಾವಣೆಯ ಕುಟುಂಬಗಳನ್ನು ಒಕ್ಕಲೆಬ್ಬಿಸುವ ಯತ್ನ ಮತ್ತು ಮಸ್ಜಿದುಲ್ ಅಕ್ಸಾದೊಳಗಿನ ದಾಳಿಗಳ ಕುರಿತು ಪ್ಯಾಲೆಸ್ತೀನಿಯರು ಬರೆದದ್ದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಂದ ಅಳಿಸಿಹೋಗತೊಡಗಿತು. ಅಲ್‌ಅಕ್ಸಾ ಎಂಬ ಹೆಸರೇ ಕೆಲವೆಡೆ ತಡೆಹಿಡಿಯಲ್ಪಟ್ಟಿತು. ನಿಷೇಧಿತ ಸಂಘಟನೆಯೊಂದರ ಹೆಸರಿನಲ್ಲೂ ಆ ಪದವಿದ್ದುದರಿಂದ ಮುಸ್ಲಿಮರ ಮೂರನೆಯ ಪವಿತ್ರ ಮಸ್ಜಿದ್ ಯಂತ್ರದ ಕಣ್ಣಿಗೆ ಅಪರಾಧಿಯಾಗಿತ್ತು. ಅದು ತಪ್ಪೆಂದು ಕಂಪೆನಿಯೇ ನಂತರ ಒಪ್ಪಿಕೊಂಡಿತು. ಆಗ ಅರಬ್ ಯುವಕರು ಅಜ್ಜಂದಿರ ಪೆಟ್ಟಿಗೆಯಿಂದ ಹಳೆಯ ಲಿಪಿಯನ್ನು ಹೊರತೆಗೆದರು. ಚುಕ್ಕೆಗಳನ್ನೆಲ್ಲ ಕಳಚಿ ಬರೆಯತೊಡಗಿದರು. ಅರಬಿ ಬಲ್ಲವನು ಸಂದರ್ಭದಿಂದ ಅದನ್ನು ಸುಲಭವಾಗಿ ಓದುತ್ತಿದ್ದ, ಯಂತ್ರಕ್ಕೆ ಮಾತ್ರ ಅದು ಅರಿಯದ ಭಾಷೆಯಾಗಿತ್ತು. ಚುಕ್ಕೆಯಿಲ್ಲದ ಬಾ, ಫಾ, ಕಾಫ್ ಅಕ್ಷರಗಳು ಪ್ರಾಚೀನ ಹಸ್ತಪ್ರತಿಗಳ ಅಧ್ಯಯನಕ್ಕೂ ಇತರ ಭಾಷೆಗಳಿಗೂ ಉಪಯೋಗವಾಗಲೆಂದು ಯೂನಿಕೋಡಿನಲ್ಲಿ ಮೊದಲೇ ಇದ್ದವು. ಚುಕ್ಕೆಯಿಲ್ಲದ ನೂನಿಗಾಗಿ ಅವರು ಬಳಸಿದ್ದು ನಮ್ಮ ಉರ್ದುವಿನ ನೂನ್ ಗುನ್ನ!

ಈ ಎರಡು ವೇಷಗಳು ಒಂದೇ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆ, ಮೋಸಹೋಗುತ್ತಿರುವವನು ಯಾರು ಎಂಬುದು. ನಕಲಿ ವಿಳಾಸದಲ್ಲಿ ಯಂತ್ರಕ್ಕೆ ಸತ್ಯ ತಿಳಿದಿದೆ, ಮೋಸಹೋಗುವವನು ಮನುಷ್ಯ. ಚುಕ್ಕೆ ಕಳಚಿದ ಬರಹದಲ್ಲಿ ಮನುಷ್ಯನಿಗೆ ಸತ್ಯವೇ ತಲಪುತ್ತಿದೆ, ಕುರುಡಾಗುವುದು ಯಂತ್ರ. ಅದೂ ನ್ಯಾಯಾನ್ಯಾಯಗಳ ವಿವೇಚನೆಯಿಲ್ಲದೆ ಬಾಯಿ ಮುಚ್ಚಿಸುತ್ತಿದ್ದ ಯಂತ್ರ. ಇದು ನಾವು ಭಾವಾವೇಶದಿಂದ ಹೇಳುವ ಮಾತಲ್ಲ. ಮೆಟಾ ಕಂಪೆನಿ ತಾನೇ ಹೊರಗಿನ ಸಂಸ್ಥೆಯೊಂದರಿಂದ ಮಾಡಿಸಿ 2022ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪರಿಶೀಲನಾ ವರದಿಯು, ಆ ದಿನಗಳಲ್ಲಿ ಅರಬಿ ಬರಹಗಳ ಮೇಲೆ ಹೀಬ್ರೂ ಬರಹಗಳಿಗಿಂತ ಹೆಚ್ಚು ಕಠಿಣ ಕ್ರಮ ನಡೆದಿತ್ತೆಂದೂ ಪ್ಯಾಲೆಸ್ತೀನಿಯರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತೆಂದೂ ಹೇಳಿದೆ. ಹಿಜ್ರತ್‌ನ ದಾರಿಯಲ್ಲಿ ಜೊತೆಗಿರುವವರು ಯಾರೆಂದು ಕೇಳಿದವರಿಗೆ ಹಝ್ರತ್ ಅಬೂಬಕರ್(ರ)ರು, ಇವರು ನನಗೆ ದಾರಿ ತೋರಿಸುವವರು ಎಂಬರ್ಥದ ಉತ್ತರ ಕೊಟ್ಟುದನ್ನು ಬುಖಾರಿಯಲ್ಲಿ ಓದುತ್ತೇವೆ. ಕೇಳಿದವರು ಅದನ್ನು ಪ್ರಯಾಣದ ದಾರಿಯೆಂದು ತಿಳಿದರು, ಅವರು ಹೇಳಿದ್ದು ಒಳಿತಿನ ದಾರಿ. ಬೆನ್ನಟ್ಟಿ ಬರುವ ಅಕ್ರಮದ ಮುಂದೆ ಸತ್ಯವನ್ನು ಬಿಡದೆ ಅದಕ್ಕೆ ಮುಸುಕು ಹೊದಿಸುವ ಅವಕಾಶ ನಮ್ಮ ಧರ್ಮದಲ್ಲಿದೆ.

ಆದರೆ ನಿರ್ಬಂಧಿತವಾದುದನ್ನು ಅನಿವಾರ್ಯತೆಯು ಅನುಮತಿಸುತ್ತದೆಂಬ ಫಿಕ್ಹ್ ನಿಯಮದ ಬೆನ್ನಿಗೇ, ಆ ಅನುಮತಿಯು ಅನಿವಾರ್ಯತೆಯ ಅಳತೆಯನ್ನು ಮೀರಬಾರದೆಂಬ ಇನ್ನೊಂದು ನಿಯಮವೂ ಇದೆ. ಮೊದಲನೆಯದನ್ನು ನೆನಪಿಡುವವರು ಬಹಳ, ಎರಡನೆಯದನ್ನು ನೆನಪಿಡುವವರು ವಿರಳ. ಪ್ಯಾಲೆಸ್ತೀನಿಯರ ಹೆಸರು ಹೇಳಿಕೊಂಡು ನಮ್ಮ ಕೆಲವು ತರುಣರು ಇಲ್ಲಿ ಮಾಡುತ್ತಿರುವುದೇನು? ಬೈಗುಳದ ಪದದ ನಡುವೆ ಚುಕ್ಕೆಯಿಟ್ಟು, ಒಂದಕ್ಷರವನ್ನು ಬೇರೆ ಲಿಪಿಯಿಂದ ತಂದು, ಅನ್ಯಧರ್ಮೀಯ ಸಹೋದರರನ್ನೂ ತಮ್ಮದೇ ಸಮುದಾಯದ ಬೇರೆ ಪಂಗಡದವರನ್ನೂ ಹೀಯಾಳಿಸುವುದು. ಯಂತ್ರ ಹಿಡಿಯಲಿಲ್ಲವೆಂದು ಬೀಗುವುದು. ಎದುರು ಪಕ್ಷದವರೂ ನಮ್ಮ ಮೇಲೆ ಇದನ್ನೇ ಮಾಡುತ್ತಾರೆಂಬುದು ನಿಜ, ಆದರೆ ಅದು ಸಮರ್ಥನೆಯಾಗದು. ಮದೀನದಲ್ಲಿ ಕೆಲವರು 'ರಾಇನಾ' ಎಂಬ ಸಭ್ಯ ಪದವನ್ನೇ ನಾಲಿಗೆ ಹೊರಳಿಸಿ ನಿಂದೆಯನ್ನಾಗಿ ಮಾಡಿ ಪ್ರವಾದಿ(ಸ)ರೆದುರು ಆಡುತ್ತಿದ್ದಾಗ ಅಲ್‌ಬಕರದ 104ನೇ ಸೂಕ್ತವು ಸತ್ಯವಿಶ್ವಾಸಿಗಳಿಗೆ ಏನು ಆದೇಶಿಸಿತು? ನೀವೂ ಅಂಥದೊಂದು ಪದ ಹುಡುಕಿ ತಿರುಗಿಸಿ ಹೇಳಿರಿ ಎಂದಲ್ಲ. ಎರಡರ್ಥಕ್ಕೆ ಎಡೆಯಿರುವ ಆ ಪದವನ್ನೇ ಕೈಬಿಟ್ಟು, 'ಉಂಝುರ್‌ನಾ' ಎಂಬ ನೇರ ಪದವನ್ನು ಬಳಸಿರಿ ಎಂದು ಆದೇಶಿಸಿತು. ಬಲ ಎಡ ಭುಜಗಳಲ್ಲಿರುವ ಮಾನ್ಯ ಬರಹಗಾರರಿಗೆ ಸಿರಿಲಿಕ್ ತಿಳಿಯದೆಂದು ಈ ತರುಣರು ಭಾವಿಸಿರುವರೇ?

ಕಾಲೇಜಿಗೆ ಹೋಗುವ ಮಕ್ಕಳ ಹೆತ್ತವರಿಗೂ ಒಂದು ಮಾತು. ಬೇರೊಬ್ಬರ ಪ್ರಬಂಧವನ್ನು ನಕಲು ಮಾಡಿ, ನಡುನಡುವೆ ಇಂಗ್ಲಿಷ್ ಅಕ್ಷರಗಳ ಬದಲಿಗೆ ಅವುಗಳ ತದ್ರೂಪಿಗಳನ್ನಿಟ್ಟು, ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶದ ಕಣ್ಣು ತಪ್ಪಿಸುವ ವಿದ್ಯೆ ವಿದ್ಯಾರ್ಥಿಗಳ ನಡುವೆ ಹರಡಿದೆ. ಆ ತಂತ್ರಾಂಶಗಳು ಈಗ ಇದನ್ನೂ ಪತ್ತೆಹಚ್ಚುತ್ತವೆ ಎಂಬುದು ಎರಡನೆಯ ಮಾತು. ಹಾಗೆ ಪಡೆದ ಪದವಿಯಿಂದ ಗಳಿಸುವ ಸಂಬಳದ ಬಗ್ಗೆ ಮನೆಯಲ್ಲಿ ಕುಳಿತು ಮಾತಾಡಬೇಕಾದುದು ಮೊದಲನೆಯದು.

ಕೆಡುಕಿನ ಉದ್ದೇಶವೇ ಇಲ್ಲದ ಒಂದು ವೇಷವೂ ಇದೆ. ಮದುವೆಯ ಆಮಂತ್ರಣ, ಗ್ರೂಪಿನ ಹೆಸರು, ಸ್ಟೇಟಸ್‌ಗಳಲ್ಲಿ ಇಂಗ್ಲಿಷ್ ಹೆಸರುಗಳನ್ನು ಬಳ್ಳಿಯಂತೆ ಬಾಗಿದ, ದಪ್ಪನೆಯ, ಪೆಟ್ಟಿಗೆಯೊಳಗಿನ ಅಕ್ಷರಗಳಲ್ಲಿ ಬರೆಯುವುದು ಈಗ ಸಾಮಾನ್ಯ. ಅವು ಅಲಂಕಾರದ ಫಾಂಟುಗಳಲ್ಲ. ಬಹುಪಾಲು ಗಣಿತದ ಸೂತ್ರಗಳಿಗಾಗಿ ಯೂನಿಕೋಡಿನಲ್ಲಿಟ್ಟ ಬೇರೆಯೇ ಚಿಹ್ನೆಗಳು. ಕಣ್ಣಿರುವವರಿಗೆ ಚೆಂದ. ಆದರೆ ಅಂಧ ಸಹೋದರ ಸಹೋದರಿಯರು ಫೋನನ್ನು ಬಳಸುವುದು ಅಕ್ಷರವನ್ನು ಓದಿ ಹೇಳುವ ತಂತ್ರಾಂಶದ ಮೂಲಕ. ಅದು ಇಂತಹ ಹೆಸರನ್ನು ಹೆಸರಾಗಿ ಓದದೆ, ಗಣಿತದ ದಪ್ಪ ದೊಡ್ಡಕ್ಷರ ಇಂಥದ್ದು ಎಂದು ಒಂದೊಂದಾಗಿ ಒದರುವುದುಂಟು, ಕೆಲವೊಮ್ಮೆ ಏನನ್ನೂ ಓದದೆ ದಾಟಿಬಿಡುವುದೂ ಉಂಟು. ನಿಕಾಹಿನ ಸ್ಥಳವೂ ಸಮಯವೂ ಆತನಿಗೆ ತಲಪಲೇ ಇಲ್ಲ. ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ)ರ ನಿಮಿತ್ತವಾಗಿ ಅಬಸ ಅಧ್ಯಾಯದ ಆರಂಭದ ಸೂಕ್ತಗಳು ಅವತೀರ್ಣವಾದುದನ್ನು ನಮ್ಮ ಮಕ್ಕಳು ಬಲ್ಲರು. ಆಮಂತ್ರಣವನ್ನು ಸಾದಾ ಅಕ್ಷರಗಳಲ್ಲಿ ಬರೆಯುವುದಕ್ಕೆ ನಮಗೆ ಇನ್ನಾವ ಕಾರಣ ಬೇಕು?

ಕುಟುಂಬಗಳು ಮಾಡಬಹುದಾದುದು ಕಷ್ಟದ್ದೇನಲ್ಲ. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ಬ್ಯಾಂಕಿಗೆ ಹೋಗಬಾರದು. ವಿಳಾಸವನ್ನು ಸ್ವತಃ ಟೈಪ್ ಮಾಡಬೇಕು ಅಥವಾ ಬ್ಯಾಂಕಿನ ಆಪ್ ತೆರೆಯಬೇಕು. ವಿಳಾಸದಲ್ಲಿ 'ಎಕ್ಸ್‌ಎನ್' ಎಂಬ ಎರಡು ಇಂಗ್ಲಿಷ್ ಅಕ್ಷರಗಳೂ ಅವುಗಳ ಮುಂದೆ ಎರಡು ಅಡ್ಡಗೆರೆಗಳೂ ಕಂಡರೆ, ಅದರಲ್ಲಿ ಇಂಗ್ಲಿಷೇತರ ಲಿಪಿಯ ಅಕ್ಷರಗಳಿವೆ ಎಂದರ್ಥ. ಪರಿಚಿತ ಸಂಸ್ಥೆಯ ಹೆಸರಿನಲ್ಲಿ ಹಾಗೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಹಣ ಹೋದವರು ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ. ನಾಚಬೇಕಾದವನು ಒದ್ದೆ ಧಾನ್ಯವನ್ನು ಒಳಗಿಟ್ಟವನು, ಕೊಂಡವನಲ್ಲ.

ಇನ್ನು, ಕುರ್‌ಆನಿನ ಸೂಕ್ತಗಳನ್ನು ಹಂಚುವವರಿಗೆ. ಉರ್ದು ಕೀಲಿಮಣೆಯ ಕಾಫ್ 1705, ಅರಬಿಯ ಕಾಫ್ 1603. ಉರ್ದುವಿನ ಯಾ 1740, ಅರಬಿಯ ಯಾ 1610. ಉರ್ದು ಕೀಲಿಮಣೆಯಲ್ಲಿ ಟೈಪ್ ಮಾಡಿದ ಸೂಕ್ತವು ನೋಡಲು ಸರಿಯಾಗಿದ್ದರೂ, ಈ ಭೇದವನ್ನು ಸರಿದೂಗಿಸಿಕೊಳ್ಳದ ತಂತ್ರಾಂಶಗಳಲ್ಲಿ ಹುಡುಕಿದರೆ ಸಿಗದು. ಒಂದು ಚುಕ್ಕೆ ಬಿದ್ದುಹೋದರೂ ಗಮನಕ್ಕೆ ಬಾರದೆ ನೂರು ಗ್ರೂಪುಗಳಿಗೆ ಹಬ್ಬುತ್ತದೆ. ಆದ್ದರಿಂದ ನೆನಪಿನಿಂದ ಟೈಪ್ ಮಾಡದೆ, ಯೂನಿಕೋಡ್ ಪಠ್ಯವನ್ನು ಮದೀನ ಮುಸ್‌ಹಫ್‌ನೊಡನೆ ಪರಿಶೀಲಿಸಿ ಒದಗಿಸುವ ತನ್ಝೀಲ್ ಯೋಜನೆಯಂತಹ ಮೂಲಗಳಿಂದ ತೆಗೆದುಕೊಂಡು, ಮುಸ್‌ಹಫ್ ತೆರೆದು ಒಮ್ಮೆ ಹೋಲಿಸಿ ನೋಡಿದ ಬಳಿಕವೇ ಕಳುಹಿಸುವುದು ಒಳ್ಳೆಯದು. ಮದ್ರಸಗಳ ಹಿರಿಯ ತರಗತಿಗಳಲ್ಲಿ ತಜ್ವೀದಿನ ಪಾಠದ ಜೊತೆಗೆ ಇದನ್ನೂ ಒಂದು ಗಂಟೆ ಕಲಿಸಬಹುದು; ಅಬುಲ್ ಅಸ್ವದ್‌ರ ಬಣ್ಣದ ಚುಕ್ಕೆಗಳಿಂದ ಆರಂಭಿಸಿದರೆ ಮಕ್ಕಳು ಬೇಸರವಿಲ್ಲದೆ ಕೇಳುತ್ತಾರೆ.